ಜೋಸನ್ ರಾಜನನ್ನು ಅವನ ಮಂತ್ರಿಗಳು ನಿಜಕ್ಕೂ ತಡೆಯಬಹುದಿತ್ತಾ?

ಪ್ರಶ್ನೆ: ಮನೆಮಂದಿಯೆಲ್ಲ ಕೊರಿಯಾದ ಹಳೇ ಜೋಸನ್ ರಾಜ್ಯದ ಐತಿಹಾಸಿಕ ಧಾರಾವಾಹಿಗಳನ್ನು ನೋಡುತ್ತೇವೆ. ಕೆಂಪು ನಿಲುವಂಗಿ ತೊಟ್ಟ ಹಿರಿಯರು ಎರಡು ಸಾಲಾಗಿ ಕೂತು ರಾಜ ಏನು ಹೇಳಿದರೂ ‘ಬೇಡ ಪ್ರಭು’ ಅನ್ನುತ್ತಾರೆ. ಅವರಲ್ಲಿ ಎಲ್ಲರಿಗಿಂತ ದೊಡ್ಡವನಿಗೆ ಯೊಂಗುಯ್‌ಜೊಂಗ್ ಅನ್ನುತ್ತಾರೆ. ಉಯ್‌ಜೊಂಗ್‌ಬು ಅನ್ನುವ ಮಂಡಳಿ ಇದೇನಾ? ಈಗಿನ ಪ್ರಧಾನಿ ಮತ್ತು ಸಂಪುಟ ಇದ್ದ ಹಾಗೆಯಾ? ರಾಜನನ್ನು ತಡೆಯುವ ಅಧಿಕಾರ ಅವರಿಗೆ ನಿಜಕ್ಕೂ ಇತ್ತಾ? ಸೋಲ್ ಮೆಟ್ರೊ ನಕ್ಷೆಯಲ್ಲಿ ಇದೇ ಹೆಸರಿನ ನಿಲ್ದಾಣವೂ ಇದೆಯಲ್ಲ, ಅದಕ್ಕೂ ಇದಕ್ಕೂ ಏನು ಸಂಬಂಧ?

ಉತ್ತರ: ಧಾರಾವಾಹಿಯವರು ಪೂರ್ತಿ ಸುಳ್ಳು ಹೇಳುತ್ತಿಲ್ಲ. ಬೇರೆ ಬೇರೆ ಕಚೇರಿಗಳ ಜನರನ್ನು ತಂದು ಒಂದೇ ಕೋಣೆಯಲ್ಲಿ ಕೂರಿಸಿಬಿಡುತ್ತಾರೆ, ಅಷ್ಟೇ. ‘ಬೇಡ ಪ್ರಭು’ ಅಂತ ದಿನಾ ಗದ್ದಲ ಮಾಡುವುದು ಅಸಲಿಗೆ ಇನ್ನೊಂದು ಗುಂಪಿನ ಕೆಲಸ. ಅಧಿಕಾರಿಗಳ ನಡತೆ ನೋಡಿಕೊಳ್ಳಲು ಒಂದು ಕಚೇರಿ, ರಾಜನ ತಪ್ಪು ತೋರಿಸಲು ಇನ್ನೊಂದು, ರಾಜನಿಗೆ ಓದಿನಲ್ಲಿ ನೆರವಾಗಲು ಮತ್ತೊಂದು. ಈ ಮೂರಕ್ಕೂ ಸೇರಿಸಿ ‘ಸಾಮ್‌ಸಾ’ ಅನ್ನುತ್ತಿದ್ದರು. ಅಲ್ಲಿದ್ದವರು ದರ್ಜೆಯಲ್ಲಿ ಚಿಕ್ಕವರು, ಬಾಯಲ್ಲಿ ಜೋರು. ಉಯ್‌ಜೊಂಗ್‌ಬು ಇದಕ್ಕಿಂತ ಬಹಳ ಮೇಲಿನ ಮನೆ. ಅಲ್ಲಿನವರು ಕೂಗುವ ಅಗತ್ಯ ಇರಲಿಲ್ಲ. ಎಷ್ಟೋ ಸಲ ಈ ಸಾಮ್‌ಸಾದವರು ಬೈಯುತ್ತಿದ್ದದ್ದೇ ಅವರನ್ನು.

ಮಂಡಳಿಯಲ್ಲಿ ಇದ್ದದ್ದು ಏಳು ಜನ. ಮೇಲೆ ಮೂವರು: ಯೊಂಗುಯ್‌ಜೊಂಗ್ ಅಂದರೆ ಹಿರಿಯ ಮಂತ್ರಿ, ಆಮೇಲೆ ಎಡಮಂತ್ರಿ, ಆಮೇಲೆ ಬಲಮಂತ್ರಿ. ಮೂವರದ್ದೂ ಆಡಳಿತದ ಅತಿ ಎತ್ತರದ ದರ್ಜೆ. ಅವರ ಕೆಳಗೆ ನಾಲ್ವರು ಸಹಾಯಕ ಮಂತ್ರಿಗಳು. ಅವರ ಕೆಳಗೆ ಕಾಗದಪತ್ರ ನೋಡಿಕೊಳ್ಳುವ ಕೆಲವು ಅಧಿಕಾರಿಗಳು. ಸರ್ಕಾರದ ದಿನದಿನದ ಕೆಲಸ ನಡೆಸುತ್ತಿದ್ದದ್ದು ಆರು ಇಲಾಖೆಗಳು: ನೇಮಕ, ಕಂದಾಯ, ವಿಧಿ ಮತ್ತು ಶಿಷ್ಟಾಚಾರ, ಸೈನ್ಯ, ನ್ಯಾಯ, ಕಾಮಗಾರಿ. 1485ರಲ್ಲಿ ಪೂರ್ತಿಯಾದ ರಾಜ್ಯದ ಕಾನೂನು ಸಂಹಿತೆ ಮಂಡಳಿಯ ಕೆಲಸವನ್ನು ಹೀಗೆ ಹೇಳುತ್ತದೆ: ಎಲ್ಲ ಅಧಿಕಾರಿಗಳ ಮೇಲ್ವಿಚಾರಣೆ, ಆಡಳಿತ ಸರಿದೂಗಿಸುವುದು, ಯಿನ್ ಮತ್ತು ಯಾಂಗ್ (ಜಗತ್ತನ್ನು ನಡೆಸುವ ಎರಡು ವಿರುದ್ಧ ಶಕ್ತಿಗಳು) ನಡುವೆ ಹೊಂದಿಕೆ ತರುವುದು, ನಾಡು ನಡೆಸುವುದು. ಕೇಳಲು ಭರ್ಜರಿ. ಆದರೆ ಇದರಲ್ಲಿ ಯಾವ ಅಧಿಕಾರವೂ ಖಚಿತವಾಗಿ ಸಿಗುವುದಿಲ್ಲ ಅನ್ನುವುದನ್ನು ಗಮನಿಸಿ. ಎಲ್ಲದರ ಮೇಲ್ವಿಚಾರಣೆ ಅಂದರೆ ಕೆಲವೊಮ್ಮೆ ಯಾವುದರದ್ದೂ ಅಲ್ಲ.

ನನ್ನ ಮಟ್ಟಿಗೆ ಈ ಮಂಡಳಿಯ 500 ವರ್ಷದ ಕಥೆ ಅರ್ಥವಾಗಬೇಕಾದರೆ ಒಂದೇ ಪ್ರಶ್ನೆ ಕೇಳಬೇಕು. ಆರು ಇಲಾಖೆಗಳ ಕಾಗದ ಮೊದಲು ಯಾರ ಮೇಜಿಗೆ ಹೋಗುತ್ತಿತ್ತು? ನೇರ ರಾಜನಿಗೋ, ಮಂಡಳಿಗೋ? ಸರ್ಕಾರಿ ಕಚೇರಿ ಮೆಟ್ಟಿಲು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫೈಲ್ ಯಾರ ಕೈ ದಾಟಿ ಮೇಲೆ ಹೋಗುತ್ತದೋ ಅವರೇ ದೊಡ್ಡವರು. ಜೋಸನ್ ರಾಜರಿಗೂ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಮಂಡಳಿಯನ್ನು ಮುಚ್ಚುವ ಗೋಜಿಗೆ ಹೋಗದೆ, ಕಾಗದದ ದಾರಿಯನ್ನು ಮಾತ್ರ ಬದಲಿಸುತ್ತಿದ್ದರು.

ಸ್ವಲ್ಪ ಹಿಂದೆ ಹೋಗೋಣ. ಜೋಸನ್‌ಗಿಂತ ಮುಂಚೆ ಇದ್ದದ್ದು ಗೊರ್ಯೊ ರಾಜ್ಯ. ಅದರ ಕೊನೆಗಾಲದಲ್ಲಿ ದೊಡ್ಡ ಮನೆತನಗಳವರೆಲ್ಲ ಒಂದು ಮಹಾಸಭೆಯಲ್ಲಿ ಕೂರುತ್ತಿದ್ದರು. ಅದರ ಸದಸ್ಯರ ಸಂಖ್ಯೆ 70–80ಕ್ಕೆ ಬೆಳೆದಿತ್ತು. ಸೈನ್ಯದ ವಿಚಾರವೂ ಅಲ್ಲೇ, ಆಡಳಿತವೂ ಅಲ್ಲೇ. ಸೇನಾಪತಿ ಯಿ ಸೊಂಗ್‌ಗ್ಯೆ 1392ರಲ್ಲಿ ಸಿಂಹಾಸನ ಹತ್ತಿ ಹೊಸ ವಂಶ ಶುರುಮಾಡಿದ ಮೇಲೂ ಈ ಸಭೆ ಹಾಗೇ ಉಳಿಯಿತು. ಅವನ ಬಲಗೈಯಾಗಿದ್ದ ಜೊಂಗ್ ದೋಜೊನ್ 1394ರಲ್ಲಿ ಹೊಸ ರಾಜ್ಯಕ್ಕೆ ಒಂದು ಕಾನೂನು ಕರಡನ್ನೇ ಬರೆದುಕೊಟ್ಟ. ಅವನ ವಾದ ಸರಳ. ರಾಜರಲ್ಲಿ ಜಾಣರೂ ಹುಟ್ಟುತ್ತಾರೆ, ದಡ್ಡರೂ ಹುಟ್ಟುತ್ತಾರೆ, ಅದು ನಮ್ಮ ಕೈಯಲ್ಲಿಲ್ಲ. ಮಂತ್ರಿಯನ್ನಾದರೆ ಆರಿಸಿಕೊಳ್ಳಬಹುದು. ಹಾಗಾಗಿ ರಾಜ್ಯ ನಡೆಸುವ ಹೊಣೆ ಮಂತ್ರಿಯ ಮೇಲಿರಲಿ.

ರಾಜನ ಐದನೇ ಮಗ ಯಿ ಬಾಂಗ್‌ವೊನ್‌ಗೆ ಈ ವಾದ ರುಚಿಸಲಿಲ್ಲ. 1398ರಲ್ಲಿ ಅವನು ಜೊಂಗ್ ದೋಜೊನ್‌ನನ್ನು ಕೊಲ್ಲಿಸಿದ. ಎರಡು ವರ್ಷದ ಮೇಲೆ, 1400ರಲ್ಲಿ, ಯುವರಾಜನಾಗಿದ್ದುಕೊಂಡೇ ಎರಡು ಕೆಲಸ ಒಟ್ಟೊಟ್ಟಿಗೆ ಮುಗಿಸಿದ. ದೊಡ್ಡವರು ಇಟ್ಟುಕೊಂಡಿದ್ದ ಖಾಸಗಿ ಸೈನ್ಯಗಳನ್ನು ರದ್ದು ಮಾಡಿಸಿದ. ಹಳೆಯ ಮಹಾಸಭೆಯನ್ನು ಒಡೆದು, ಆಡಳಿತಕ್ಕೆ ಉಯ್‌ಜೊಂಗ್‌ಬು, ಸೈನ್ಯಕ್ಕೆ ಬೇರೆ ಕಚೇರಿ ಅಂತ ಮಾಡಿದ. ಸೇನೆಯ ಕಚೇರಿಯಲ್ಲಿ ಇರುವವನು ಮಂಡಳಿಯಲ್ಲಿ ಕೂರುವಂತಿಲ್ಲ ಅಂತ ನಿಯಮ. ಅಂದರೆ ನೀವು ಕೇಳುತ್ತಿರುವ ಮಂಡಳಿ ಹುಟ್ಟಿದ್ದೇ ಮಂತ್ರಿಗಳ ಕೈಯಿಂದ ಕತ್ತಿ ಕಿತ್ತುಕೊಳ್ಳುವ ಹೊತ್ತಿನಲ್ಲಿ.

ಅದೇ ವರ್ಷ ಬಾಂಗ್‌ವೊನ್ ತೇಜೊಂಗ್ ಎಂಬ ಹೆಸರಿನಲ್ಲಿ ಇತಿಹಾಸ ಕರೆಯುವ ರಾಜನಾದ. 1414ರಲ್ಲಿ ಇನ್ನೊಂದು ಹೆಜ್ಜೆ ಇಟ್ಟ. ಇನ್ನು ಮುಂದೆ ಆರು ಇಲಾಖೆಗಳು ನೇರವಾಗಿ ತನಗೇ ವರದಿ ಒಪ್ಪಿಸಬೇಕು ಅಂದ. ಆಗ ಮಂಡಳಿಗೆ ಉಳಿದದ್ದು ಮುಖ್ಯವಾಗಿ ಎರಡು ಕೆಲಸ. ಚೀನಾದ ಮಿಂಗ್ ಆಸ್ಥಾನಕ್ಕೆ ಹೋಗುವ ಪತ್ರಗಳನ್ನು ನೋಡುವುದು, ಗಂಭೀರ ಅಪರಾಧಿಗಳ ಪ್ರಕರಣಗಳನ್ನು ಮರುಪರಿಶೀಲಿಸುವುದು. ಯಾರ ದರ್ಜೆಯೂ ಕಡಿಮೆಯಾಗಲಿಲ್ಲ, ಕುರ್ಚಿ ಹಾಗೇ ಇತ್ತು. ಮೇಜು ಮಾತ್ರ ಖಾಲಿಯಾಯಿತು.

ದರ್ಜೆ ಒಂದೇ ಇದ್ದರೆ ಸಾಲದು ಅನ್ನುವುದಕ್ಕೆ ಶಿಮ್ ಓನ್‌ನ ಪಾಡು ನೋಡಿ. 1418ರಲ್ಲಿ ತೇಜೊಂಗ್ ಸಿಂಹಾಸನವನ್ನು ಮಗ ಸೇಜೊಂಗ್‌ಗೆ ಬಿಟ್ಟುಕೊಟ್ಟ. ಸೈನ್ಯವನ್ನು ಬಿಡಲಿಲ್ಲ. ಶಿಮ್ ಓನ್ ಹೊಸ ರಾಜನ ಮಾವ. ಅವನನ್ನೇ ಯೊಂಗುಯ್‌ಜೊಂಗ್ ಮಾಡಿ ಮಿಂಗ್ ಆಸ್ಥಾನಕ್ಕೆ ರಾಯಭಾರಿಯಾಗಿ ಕಳಿಸಿದರು. ಅತ್ತ ಅವನು ಹೋದ ಮೇಲೆ ಇತ್ತ ಅವನ ತಮ್ಮ, ಸೈನ್ಯದ ಆದೇಶಗಳು ಹೊಸ ರಾಜನಿಂದ ಬರದೆ ಹಳೇ ರಾಜನಿಂದ ಬರುತ್ತಿವೆಯಲ್ಲ ಅಂತ ಗೊಣಗಿದ್ದು ತೇಜೊಂಗ್‌ನ ಕಿವಿಗೆ ಬಿತ್ತು. ಶಿಮ್ ಓನ್ ಮರಳಿ ಬರುತ್ತಿದ್ದಂತೆ ಹಿಡಿದು ವಿಷ ಕುಡಿಸಿ ಸಾಯಿಸಿದರು. ರಾಣಿಯ ಅಪ್ಪ, ನಾಡಿನ ಅತಿ ಹಿರಿಯ ಮಂತ್ರಿ. ಎರಡೂ ಕೆಲಸಕ್ಕೆ ಬರಲಿಲ್ಲ.

ಈಗ ಮಂಡಳಿಯ ಒಳ್ಳೆಯ ದಿನಗಳಿಗೆ ಬರೋಣ. 1436ರಲ್ಲಿ ಸೇಜೊಂಗ್ ಅಪ್ಪ ಮಾಡಿದ್ದನ್ನು ತಿರುಗಿಸಿದ. ಇಲಾಖೆಗಳು ಮೊದಲು ಉಯ್‌ಜೊಂಗ್‌ಬುಗೆ ವರದಿ ಕೊಡಬೇಕು. ಅಲ್ಲಿ ಚರ್ಚೆಯಾಗಿ ಸರಿ ಅನ್ನಿಸಿದ್ದು ರಾಜನ ಬಳಿ ಹೋಗಬೇಕು. ರಾಜನ ಆದೇಶವೂ ಮಂಡಳಿಯ ಮೂಲಕವೇ ಇಲಾಖೆಗೆ ಇಳಿಯಬೇಕು. ರಾಜನಿಗೆ ಆರೋಗ್ಯ ಸರಿ ಇರಲಿಲ್ಲ, ಎಲ್ಲ ಕಾಗದವನ್ನೂ ತಾನೇ ನೋಡುವುದು ಭಾರವಾಗಿತ್ತು. ಜೊತೆಗೆ ನಂಬಿಕೆಯ ಹಿರಿಯರೂ ಮಂಡಳಿಯಲ್ಲಿ ಇದ್ದರು.

ಆದರೆ ಆ ಆದೇಶದಲ್ಲಿ ಕೆಲವು ವಿನಾಯಿತಿಗಳಿವೆ. ನನಗೆ ಇಡೀ ಕಥೆಯಲ್ಲಿ ಬಹಳ ಇಷ್ಟವಾಗುವ ಜಾಗ ಇದೇ. ಅಧಿಕಾರಿಗಳ ನೇಮಕ, ಸೈನ್ಯ ಹೊರಡಿಸುವುದು, ಮರಣದಂಡನೆ ಬಿಟ್ಟು ಉಳಿದ ಶಿಕ್ಷೆಗಳ ತೀರ್ಮಾನ: ಇವು ಮಾತ್ರ ಮಂಡಳಿಗೆ ಹೋಗದೆ ಇಲಾಖೆಯಿಂದ ನೇರ ರಾಜನಿಗೇ ಬರಬೇಕು. ಸೇಜೊಂಗ್‌ನನ್ನು ಎಲ್ಲರೂ ಸಾಧು ರಾಜ ಅಂತ ಹೊಗಳುತ್ತಾರೆ. ಸಾಧು ಹೌದು, ಪೆದ್ದನಲ್ಲ. ಮಂಡಳಿಗೆ ರಾಜ್ಯದ ಕೆಲಸವನ್ನೆಲ್ಲ ಕೊಟ್ಟು, ಕೆಲಸಗಾರರ ನೇಮಕ ಮತ್ತು ಕತ್ತಿ ಎರಡನ್ನೂ ತನ್ನ ಹತ್ತಿರವೇ ಇಟ್ಟುಕೊಂಡ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತನಗೆ ತುಂಬಾ ಬೇಕಾದ ಕೆಲಸಗಳನ್ನು ಅವನು ಮಂಡಳಿಯ ಮುಂದೆ ಇಡುತ್ತಲೂ ಇರಲಿಲ್ಲ. 1443ರ ಕೊನೆಯಲ್ಲಿ ಹೊಸ ಕೊರಿಯನ್ ಅಕ್ಷರಗಳನ್ನು ಮಾಡಿದ್ದಾಗಿ ತಿಳಿಸಿದಾಗ, ಮರುವರ್ಷ ಛ್ವೆ ಮಾಲ್ಲಿ ಎಂಬ ವಿದ್ವಾಂಸ ಮತ್ತು ಅವನ ಜೊತೆಗಾರರು ಆಕ್ಷೇಪಣೆ ಬರೆದರು. ಅದರಲ್ಲಿ ಒಂದು ದೂರು ಹೀಗಿತ್ತು: ಇಷ್ಟು ದೊಡ್ಡ ಬದಲಾವಣೆಯನ್ನು ಮಂತ್ರಿಗಳಿಂದ ಹಿಡಿದು ಕೆಳಗಿನ ಅಧಿಕಾರಿಗಳವರೆಗೆ ಎಲ್ಲರ ಜೊತೆ ಆಲೋಚಿಸಿ ಮಾಡಬೇಕಿತ್ತು. ರಾಜ ಆ ಮಾತು ಕೇಳಲಿಲ್ಲ. ಕೊರಿಯಾದವರು ಇವತ್ತು ಬರೆಯುತ್ತಿರುವುದು ಅದೇ ಅಕ್ಷರದಲ್ಲಿ.

ಈ ಕಾಲದ ಮಂಡಳಿ ಅಂದರೆ ಹ್ವಾಂಗ್ ಹೀ. 1431ರಿಂದ 1449ರವರೆಗೆ, 18 ವರ್ಷ ಯೊಂಗುಯ್‌ಜೊಂಗ್ ಆಗಿದ್ದವನು. ಬಿಟ್ಟುಬಿಡಿ, ವಯಸ್ಸಾಯಿತು ಅಂತ ಎಷ್ಟು ಸಲ ಕೇಳಿಕೊಂಡರೂ ರಾಜ ಬಿಡಲಿಲ್ಲ. ಕೊನೆಗೆ ಕೆಲಸದಿಂದ ಬಿಡುಗಡೆ ಸಿಕ್ಕಾಗ ಅವನಿಗೆ 86 ವರ್ಷ. ಕೊರಿಯಾದಲ್ಲಿ ಇವತ್ತಿಗೂ ಶುದ್ಧ ಹಸ್ತದ, ಬಡತನದಲ್ಲಿ ಬದುಕಿದ ಮಂತ್ರಿ ಅಂದರೆ ಇವನ ಹೆಸರೇ ಮೊದಲು ಬರುತ್ತದೆ. ದಾಖಲೆ ತೆರೆದರೆ ಚಿತ್ರ ಸ್ವಲ್ಪ ಬೇರೆಯೇ ಇದೆ.

1427ರಲ್ಲಿ ಅವನಿನ್ನೂ ಎಡಮಂತ್ರಿ. ಅವನ ಅಳಿಯ ಸೊ ದಾಲ್ ಒಂದು ಸಣ್ಣ ಊರಿನ ಮೂಲಕ ಹೋಗುವಾಗ, ಅಲ್ಲಿನ ಗುಮಾಸ್ತನೊಬ್ಬ ತನಗೆ ಸರಿಯಾಗಿ ಮರ್ಯಾದೆ ಕೊಡಲಿಲ್ಲ ಅಂತ ಜಗಳ ತೆಗೆದ. ಅವನ ಆಳುಗಳು ಅಲ್ಲಿ ಒಬ್ಬನನ್ನು ಹೊಡೆದು ಕೊಂದರು. ಅಳಿಯನ ಅಪ್ಪ ಬೇರೆ ದೊಡ್ಡ ಅಧಿಕಾರಿ. ಆ ಊರು ಬಲಮಂತ್ರಿ ಮೇಂಗ್ ಸಾಸೊಂಗ್‌ನ ಸ್ವಂತ ಊರು. ಹ್ವಾಂಗ್ ಹೀ ಮೇಂಗ್‌ನನ್ನು ಹಿಡಿದ, ಮೇಂಗ್ ಊರಿನ ಕಡೆಯವರನ್ನು ಹಿಡಿದ. ಸತ್ತವನ ಮನೆಯವರ ಜೊತೆ ರಾಜಿ ಮಾಡಿಸಿ ವರದಿ ತಿದ್ದಿಸಿದರು. ಕಾಗದ ಓದುತ್ತಾ ಹೋದ ಸೇಜೊಂಗ್‌ಗೆ ಎಲ್ಲೋ ಎಡವಟ್ಟಾಗಿದೆ ಅನ್ನಿಸಿ ಮರುತನಿಖೆ ಮಾಡಿಸಿದ. ಎಡಮಂತ್ರಿ, ಬಲಮಂತ್ರಿ ಇಬ್ಬರೂ ಬಂಧನದಲ್ಲಿ ಕೂತರು, ಹುದ್ದೆ ಕಳೆದುಕೊಂಡರು. ಸ್ವಲ್ಪ ದಿನಕ್ಕೇ ಇಬ್ಬರೂ ವಾಪಸ್ ಬಂದರು! ಮಂಡಳಿಗೆ ಕಾಗದದ ಮೇಲೆ ಎಂಥ ಹಿಡಿತವಿತ್ತು, ಅದಕ್ಕೆ ಮಿತಿ ಎಲ್ಲಿತ್ತು, ಎರಡೂ ಈ ಒಂದು ಪ್ರಕರಣದಲ್ಲಿ ಸಿಗುತ್ತವೆ.

ಇದೆಲ್ಲ ನಮಗೆ ಗೊತ್ತಾಗಿರುವುದು ಅರಮನೆಯ ಇತಿಹಾಸಕಾರರಿಂದ. ಸಭೆಯಲ್ಲಿ ಅವರು ಕೂತು ಬರೆದುಕೊಳ್ಳುತ್ತಿದ್ದರು. ರಾಜ ಸತ್ತ ಮೇಲೆ ಆ ಟಿಪ್ಪಣಿಗಳಿಂದ ‘ಸಿಲ್ಲೊಕ್’ ಎಂಬ ದಾಖಲೆ ತಯಾರಾಗುತ್ತಿತ್ತು. ಹ್ವಾಂಗ್ ಹೀ ಲಂಚ ತಿನ್ನುತ್ತಿದ್ದ ಅಂತ ಒಬ್ಬ ಇತಿಹಾಸಕಾರ ಕಟುವಾಗಿ ಬರೆದಿಟ್ಟಿದ್ದ. 1452ರಲ್ಲಿ ಸೇಜೊಂಗ್ ಕಾಲದ ಸಿಲ್ಲೊಕ್ ಸಂಪಾದಿಸುವಾಗ, ಈ ಮಾತು ನಂಬುವಂಥದ್ದಲ್ಲ, ತೆಗೆಯಬೇಕಾ ಅಂತ ದೊಡ್ಡ ಚರ್ಚೆಯೇ ನಡೆಯಿತು. ಒಮ್ಮೆ ತೆಗೆಯಲು ಶುರುಮಾಡಿದರೆ ಕೊನೆಯಿಲ್ಲ ಅಂತ ಹಾಗೇ ಬಿಟ್ಟರು. ಆ ಚರ್ಚೆಯಲ್ಲಿ ಕೂತಿದ್ದವರಲ್ಲಿ ಹ್ವಾಂಗ್‌ಬೊ ಇನ್ ಮತ್ತು ಕಿಮ್ ಜೊಂಗ್‌ಸೊ ಎಂಬ ಇಬ್ಬರು ಮಂತ್ರಿಗಳೂ ಇದ್ದರು. ಮರುವರ್ಷ ಅವರಿಬ್ಬರೂ ಕೊಲೆಯಾದರು. ನೀವು ಧಾರಾವಾಹಿಗಳಲ್ಲಿ ಖಂಡಿತ ನೋಡಿರುವ ರಾತ್ರಿ ಅದು.

ನಡೆದದ್ದಿಷ್ಟು. 1452ರಲ್ಲಿ ಸೇಜೊಂಗ್‌ನ ಮೊಮ್ಮಗ ದಾನ್‌ಜೊಂಗ್ ರಾಜನಾದಾಗ ಹತ್ತು ಹನ್ನೊಂದು ವರ್ಷದ ಹುಡುಗ. ಅಪ್ಪ ಅಮ್ಮ ಇಬ್ಬರೂ ಇಲ್ಲ. ಆಡಳಿತವೆಲ್ಲ ಮಂಡಳಿಯ ಕೈಗೆ ಬಂತು. ನೇಮಕದ ಪಟ್ಟಿ ಬಂದಾಗ ಮಂತ್ರಿಗಳು ತಮಗೆ ಬೇಕಾದ ಹೆಸರಿನ ಮೇಲೆ ಹಳದಿ ಗುರುತು ಹಾಕಿ ಕೊಡುತ್ತಿದ್ದರು, ಹುಡುಗ ಆ ಹೆಸರಿನ ಮೇಲೆ ಚುಕ್ಕೆ ಇಡುತ್ತಿದ್ದ. ಸೇಜೊಂಗ್ ಜಾಗ್ರತೆಯಿಂದ ಮಂಡಳಿಯ ಹೊರಗೆ ಇಟ್ಟಿದ್ದ ನೇಮಕದ ಅಧಿಕಾರ ಹೀಗೆ ಒಳಗೆ ಬಂದುಬಿಟ್ಟಿತು. ಮಂತ್ರಿಗಳು ದುರಾಸೆಯಿಂದ ಹೀಗೆ ಮಾಡಿದರು ಅಂತ ನನಗೆ ಅನ್ನಿಸುವುದಿಲ್ಲ. ಮಗುವಿನ ಕೈಯಲ್ಲಿ ರಾಜ್ಯ ನಡೆಸಲು ಬೇರೆ ದಾರಿ ಏನಿತ್ತು? ಆದರೆ ರಾಜನ ಚಿಕ್ಕಪ್ಪ ಸುಯಾಂಗ್‌ಗೆ ಒಂದು ನೆಪ ಬೇಕಿತ್ತು, ಸಿಕ್ಕಿತು. 1453ರ ಆ ರಾತ್ರಿ ಅವನು ಎಡಮಂತ್ರಿ ಕಿಮ್ ಜೊಂಗ್‌ಸೊನ ಮನೆ ಬಾಗಿಲಿಗೇ ಹೋಗಿ, ಓದಲು ಒಂದು ಪತ್ರ ಕೊಟ್ಟು, ಆಳಿನಿಂದ ಕಬ್ಬಿಣದ ಗದೆಯಲ್ಲಿ ಹೊಡೆಸಿದ. ರಾಜನ ಹೆಸರಿನಲ್ಲಿ ಉಳಿದ ಮಂತ್ರಿಗಳಿಗೆ ಕರೆ ಕಳಿಸಿ, ಬಂದವರಲ್ಲಿ ಬೇಡವಾದವರನ್ನು ಬಾಗಿಲಲ್ಲೇ ಮುಗಿಸಿದ. ಆಗ ಯೊಂಗುಯ್‌ಜೊಂಗ್ ಆಗಿದ್ದ ಹ್ವಾಂಗ್‌ಬೊ ಇನ್ ಅವರಲ್ಲೊಬ್ಬ.

ಆಮೇಲೆ ಅವನು ಯಾವ ಹುದ್ದೆ ತೆಗೆದುಕೊಂಡ ಅಂತ ನೋಡಿ. ತಾನೇ ಯೊಂಗುಯ್‌ಜೊಂಗ್ ಆದ. ಅದರ ಜೊತೆ ನೇಮಕ ಇಲಾಖೆ, ಸೈನ್ಯ ಇಲಾಖೆ ಎರಡಕ್ಕೂ ಮುಖ್ಯಸ್ಥನಾದ. ಇಡೀ ಸೈನ್ಯದ ದಂಡನಾಯಕನೂ ಅವನೇ. ಮಂಡಳಿ, ನೇಮಕ, ಕತ್ತಿ ಮೂರೂ ಒಬ್ಬನಲ್ಲೇ ಸೇರಿದ ಮೇಲೆ ಸಿಂಹಾಸನ ಎಷ್ಟು ದೂರ? 1455ರಲ್ಲಿ ಅದೂ ಆಯಿತು. ಇತಿಹಾಸ ಅವನನ್ನು ಸೇಜೊ ಅನ್ನುತ್ತದೆ.

ರಾಜನಾಗುತ್ತಿದ್ದಂತೆ ಸೇಜೊ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಕಾಗದದ ದಾರಿಯನ್ನು ಮತ್ತೆ ಅಜ್ಜ ತೇಜೊಂಗ್ ಕಾಲದ ಹಾಗೆ ಮಾಡಿದ್ದು. ತಾನು ಹತ್ತಿ ಬಂದ ಏಣಿಯನ್ನು ಇನ್ನೊಬ್ಬ ಹತ್ತಬಾರದಲ್ಲ. ಹಾ ವಿಜಿ ಎಂಬ ಅಧಿಕಾರಿ, ಪ್ರಾಚೀನ ಚೀನಾದ ಜೌ ಕಾಲದ ಪದ್ಧತಿಯನ್ನು ಹೇಳಿ ಇದನ್ನು ವಿರೋಧಿಸಿದ. ರಾಜ ಕೆಂಡವಾದ. ಮಂತ್ರಿಯ ಮಾತಿನಂತೆ ನಡೆಯುವುದು ರಾಜ ಸತ್ತಾಗಿನ ಪದ್ಧತಿ, ನಾನು ಸತ್ತಿದ್ದೇನೆ ಅಂದುಕೊಂಡೆಯಾ ಅನ್ನುವ ಅರ್ಥದಲ್ಲಿ ಗದರಿ ಅವನಿಗೆ ಹೊಡೆಸಿದ. ಮರುವರ್ಷ ದಾನ್‌ಜೊಂಗ್‌ನನ್ನು ಮತ್ತೆ ಪಟ್ಟಕ್ಕೆ ತರುವ ಪ್ರಯತ್ನದಲ್ಲಿ ಸಿಕ್ಕಿಬಿದ್ದು ಹಾ ವಿಜಿ ಪ್ರಾಣ ಬಿಟ್ಟ. ಕೊರಿಯಾದವರು ಇಂದಿಗೂ ನೆನೆಯುವ ಆರು ಹುತಾತ್ಮ ಅಧಿಕಾರಿಗಳಲ್ಲಿ ಅವನೂ ಒಬ್ಬ.

ಮುಂದಿನ ಕಥೆಯನ್ನು ಬೇಗ ಹೇಳುತ್ತೇನೆ. 1516ರಲ್ಲಿ ಮಂಡಳಿಗೆ ಮೊದಲು ಕಾಗದ ಬರುವ ಪದ್ಧತಿಯನ್ನು ಮತ್ತೆ ತಂದರು. ಅಷ್ಟರಲ್ಲಿ ಇನ್ನೊಂದು ಕಚೇರಿ ಹುಟ್ಟಿಯಾಗಿತ್ತು. 1510ರಲ್ಲಿ ದಕ್ಷಿಣದ ಮೂರು ಬಂದರುಗಳಲ್ಲಿದ್ದ ಜಪಾನಿಯರು ದಂಗೆ ಎದ್ದರು. ಆಗ ಗಡಿ ರಕ್ಷಣೆಗೆ ಅಂತ ತಾತ್ಕಾಲಿಕವಾಗಿ ಕಟ್ಟಿದ್ದು ಬಿಬ್ಯೊನ್‌ಸಾ. 1555ರಲ್ಲಿ ಅದು ಕಾಯಂ ಆಯಿತು. 1592ರಲ್ಲಿ ಜಪಾನಿನ ಹಿದೆಯೋಶಿಯ ಸೈನ್ಯ ಇಡೀ ನಾಡನ್ನು ತುಳಿದಾಗ, ಯುದ್ಧಕ್ಕೆ ಬೇಕಾದ ಹಣ, ಧಾನ್ಯ, ಜನ ಎಲ್ಲವೂ ಅದರ ಕೈಗೆ ಹೋಯಿತು. ಯುದ್ಧ ಮುಗಿದರೂ ಅದು ವಾಪಸ್ ಕೊಡಲಿಲ್ಲ. ಹೆಸರು ಗಡಿಯದು, ಕೆಲಸ ಮಾತ್ರ ರಾಜಮನೆತನಕ್ಕೆ ಹೆಣ್ಣು ಆರಿಸುವವರೆಗೆ ಅಂತ 17ನೇ ಶತಮಾನದಲ್ಲೇ ದೂರುಗಳಿದ್ದವು. 1617ರಿಂದ ಶುರುವಾಗುವ ಅದರ ದಾಖಲೆ 273 ಸಂಪುಟಗಳಷ್ಟು ಉಳಿದಿದೆ.

ಹಾಗಾದರೆ ಹಿರಿಯ ಮಂತ್ರಿಗಳು ಮೂಲೆಗುಂಪಾದರಾ? ಇಲ್ಲ. ಈಗಿನ ಮತ್ತು ಹಿಂದಿನ ಎಡ, ಬಲ, ಹಿರಿಯ ಮಂತ್ರಿಗಳೇ ಬಿಬ್ಯೊನ್‌ಸಾದ ತಲೆಯಲ್ಲೂ ಕೂರುತ್ತಿದ್ದರು. ಅದೇ ಜನ, ಬೇರೆ ಮನೆ. ಉಯ್‌ಜೊಂಗ್‌ಬು ಮರ್ಯಾದೆಯ ವಿಳಾಸವಾಯಿತು, ಬಿಬ್ಯೊನ್‌ಸಾ ಕೆಲಸದ ವಿಳಾಸವಾಯಿತು. ನೀವು ನೋಡುವ ಧಾರಾವಾಹಿ 1600ರ ನಂತರದ ಕಾಲದ್ದಾದರೆ, ‘ಮಂಡಳಿ’ ಅಂತ ತೋರಿಸುವುದು ಬಹಳ ಸಲ ಈ ಎರಡನೆಯದನ್ನೇ. ಆಗಲೂ ರಾಜ ಗಟ್ಟಿಯಾಗಿದ್ದರೆ ಮಂತ್ರಿಯೂ ಗಟ್ಟಿಯಾಗುತ್ತಿದ್ದ. ಜೊಂಗ್‌ಜೊ ರಾಜನ ಕಾಲದಲ್ಲಿ ಛೇ ಜೆಗೊಂಗ್ ಮೂರು ಹುದ್ದೆಗಳಲ್ಲಿ ತಾನೊಬ್ಬನೇ ಇದ್ದು ಕೆಲಸ ನಡೆಸಿದ. 1791ರಲ್ಲಿ ಸೋಲ್‌ನ ದೊಡ್ಡ ಅಂಗಡಿಗಳ ಏಕಸ್ವಾಮ್ಯ ಮುರಿದು ಸಣ್ಣ ವ್ಯಾಪಾರಿಗಳಿಗೆ ಬಾಗಿಲು ತೆರೆದದ್ದು ಅವನ ಸಲಹೆಯ ಮೇಲೆ. ಜೊಂಗ್‌ಜೊ ನಂತರ ಎಳೆಯ ವಯಸ್ಸಿನವರೇ ಪಟ್ಟಕ್ಕೆ ಬಂದರು, ರಾಣಿಯರ ತವರಿನವರು ಬಿಬ್ಯೊನ್‌ಸಾದಲ್ಲಿ ಕೂತು ರಾಜ್ಯ ಆಳಿದರು. ಅವರನ್ನು ಮುರಿಯಲೆಂದೇ ಗೊಜೊಂಗ್ ರಾಜನ ಅಪ್ಪ ದೇವೊನ್‌ಗುನ್ 1865ರಲ್ಲಿ ಬಿಬ್ಯೊನ್‌ಸಾವನ್ನು ಉಯ್‌ಜೊಂಗ್‌ಬುವಿನಲ್ಲಿ ಕರಗಿಸಿಬಿಟ್ಟ. ಹಳೇ ಕಚೇರಿ ಕಟ್ಟಡವನ್ನೂ ಹೊಸದಾಗಿ ಎಬ್ಬಿಸಿದ.

ಪ್ರಧಾನಿ, ಸಂಪುಟದ ಜೊತೆ ಹೋಲಿಸಬಹುದಾ ಅಂತ ಕೇಳಿದ್ದಿರಿ. ಕೊನೆಯ ಹತ್ತು ಹದಿನೈದು ವರ್ಷಕ್ಕೆ ಮಾತ್ರ ಆ ಹೋಲಿಕೆ ಹೊಂದುತ್ತದೆ. 1894ರ ಸುಧಾರಣೆಯಲ್ಲಿ ಇಲಾಖೆಗಳನ್ನು ಮಂಡಳಿಯ ಕೆಳಗೆ ತಂದು, ಮುಂದೆ ಹೆಸರನ್ನೂ ಸಂಪುಟ ಅಂತ ಬದಲಿಸಿದರು. ಅದರ ಮುಖ್ಯಸ್ಥ ಕಿಮ್ ಹೊಂಗ್‌ಜಿಪ್‌ನನ್ನು 1896ರಲ್ಲಿ ಜನರ ಗುಂಪು ಬೀದಿಯಲ್ಲೇ ಕೊಂದಿತು. ಗೊಜೊಂಗ್ ಮತ್ತೆ ಹಳೇ ಹೆಸರು ತಂದ. 1905ರ ನವೆಂಬರ್ 17ರಂದು ಜಪಾನಿನ ಇತೊ ಹಿರೊಬುಮಿ ಸೈನಿಕರನ್ನು ಸುತ್ತ ನಿಲ್ಲಿಸಿ, ಕೊರಿಯಾದ ವಿದೇಶ ವ್ಯವಹಾರ ಜಪಾನಿಗೆ ಒಪ್ಪಿಸುವ ಒಪ್ಪಂದದ ಬಗ್ಗೆ ಎಂಟು ಮಂತ್ರಿಗಳನ್ನು ಒಬ್ಬೊಬ್ಬರನ್ನಾಗಿ ಕೇಳಿದ. ಮಂಡಳಿಯ ಹಿರಿಯ ಹಾನ್ ಗ್ಯುಸೊಲ್ ಆಗುವುದಿಲ್ಲ ಅಂದ. ಐವರು ಒಪ್ಪಿದರು. ರಾಜನಿಗೆ ಇಲ್ಲ ಅನ್ನಲು ಹುಟ್ಟಿದ ಮಂಡಳಿ ಅಂತ ನೀವು ಅಂದುಕೊಂಡಿದ್ದೀರಲ್ಲ, ಅದು ಇಲ್ಲ ಅನ್ನಲೇಬೇಕಿದ್ದ ದಿನ ಎದುರಿಗೆ ಇದ್ದದ್ದು ತಮ್ಮ ರಾಜನೇ ಅಲ್ಲ.

ಇನ್ನು ತಡೆಯುವ ಅಧಿಕಾರದ ಮಾತು. ಬರೆದಿಟ್ಟ ಕಾನೂನಿನಲ್ಲಿ ಅಂಥ ಅಧಿಕಾರ ಇರಲಿಲ್ಲ. ಕೊನೆಯ ಮಾತು ಯಾವಾಗಲೂ ರಾಜನದ್ದೇ. ಕಾಗದ ತಮ್ಮ ಮೂಲಕ ಹೋಗುವಾಗ ಮಂತ್ರಿಗಳು ತಡಮಾಡಬಹುದಿತ್ತು, ತಿದ್ದಬಹುದಿತ್ತು, ಬೇಡ ಅಂತ ವಾದಿಸಬಹುದಿತ್ತು. ಅದಕ್ಕೂ ರಾಜ ಬಗ್ಗದಿದ್ದರೆ ರಾಜೀನಾಮೆ ಕೊಟ್ಟು ಮನೆಯಲ್ಲಿ ಕೂರಬಹುದಿತ್ತು. ಈ ಕೊನೆಯದು ಸುಮ್ನೆ ಬೆದರಿಕೆ ಅಲ್ಲ. ಹಿರಿಯ ಮಂತ್ರಿ ಇಲ್ಲದ ಆಸ್ಥಾನ ಅಂದರೆ ರಾಜನ ನಡತೆಗೇ ಕುಂದು ಅನ್ನುವ ಕನ್‌ಫ್ಯೂಷಿಯನ್ ನಂಬಿಕೆ ಅಲ್ಲಿ ಬಲವಾಗಿತ್ತು.

ಮೆಟ್ರೊ ನಿಲ್ದಾಣ ಇರುವುದು ಸೋಲ್‌ನ ಉತ್ತರಕ್ಕಿರುವ ಉಯ್‌ಜೊಂಗ್‌ಬು ನಗರದಲ್ಲಿ. ಮಕ್ಕಳ ಕಾದಾಟದಿಂದ ಬೇಸತ್ತು ದೂರ ಹೋಗಿದ್ದ ಯಿ ಸೊಂಗ್‌ಗ್ಯೆ ವಾಪಸ್ ಬರುವಾಗ ರಾಜಧಾನಿಗೆ ಕಾಲಿಡದೆ ಅಲ್ಲೇ ಉಳಿದ, ಮಂತ್ರಿಗಳೇ ಅವನ ಬಳಿ ಹೋಗಿ ಚರ್ಚಿಸಿದರು, ಅದಕ್ಕೇ ಆ ಹೆಸರು ಅಂತ ಕಥೆ ಇದೆ. ಮಂಡಳಿಯ ಖರ್ಚಿಗೆ ಬಿಟ್ಟಿದ್ದ ಜಮೀನು ಅಲ್ಲಿತ್ತು ಅನ್ನುವುದು ಇನ್ನೊಂದು ವಿವರಣೆ. ನನಗೆ ಎರಡನೆಯದೇ ಹೆಚ್ಚು ಸರಿ ಅನ್ನಿಸುತ್ತದೆ. ಈಗ ಆ ಊರು ಹೆಸರುವಾಸಿಯಾಗಿರುವುದು ಅಮೆರಿಕನ್ ಸೇನಾ ಶಿಬಿರಗಳಿಂದ ಬಂದ ಸಾಸೇಜು, ಡಬ್ಬಿ ಮಾಂಸ ಹಾಕಿ ಕುದಿಸುವ ಖಾರದ ‘ಬುದೆ ಜ್ಜಿಗೆ’ ಎಂಬ ಸಾರಿಗೆ. ಮಂಡಳಿಯ ಜಾಗ ನೋಡಬೇಕಿದ್ದರೆ ಅಲ್ಲಿಗೆ ಹೋಗಬೇಡಿ. 5ನೇ ಮಾರ್ಗದ ಗ್ವಾಂಗ್‌ಹ್ವಾಮುನ್ ನಿಲ್ದಾಣದಲ್ಲಿ ಇಳಿದು ಅರಮನೆಯ ಕಡೆ ನಡೆಯಿರಿ. ಅರಮನೆ ಬಾಗಿಲಿನ ಮುಂದೆ ರಸ್ತೆಯ ಪೂರ್ವ ಬದಿಯಲ್ಲಿ, ಉತ್ಖನನ ಮಾಡಿ ತೆಗೆದ ಉಯ್‌ಜೊಂಗ್‌ಬು ಕಟ್ಟಡಗಳ ಅಡಿಪಾಯ ಇದೆ. 2020ರಲ್ಲಿ ಅದನ್ನು ರಾಷ್ಟ್ರೀಯ ಐತಿಹಾಸಿಕ ತಾಣ ಅಂತ ಘೋಷಿಸಿದ್ದಾರೆ.